ಕಹಳೆ ಮತ್ತು ಕಮಲ: ವಿ. ಶಾಂತಾರಾಂ ಬಿಟ್ಟುಹೋದ ಎರಡು ಲಾಂಛನಗಳು

ಬೆಂಗಳೂರಿನ ಪೂರ್ವಭಾಗದ ಮಹದೇವಪುರ, ವೈಟ್‌ಫೀಲ್ಡ್ ಸೀಮೆಯನ್ನು ಯಾರೂ ಸಿನಿಮಾದ ಊರೆಂದು ಕರೆಯುವುದಿಲ್ಲ. ಆದರೂ ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಾಲಿವುಡ್ ಚಿತ್ರಗಳ ಅನಿಮೇಶನ್ ಕೆಲಸ ಸಾಕಷ್ಟು ಪ್ರಮಾಣದಲ್ಲಿ ಇಲ್ಲಿನ ಗಾಜಿನ ಕಟ್ಟಡಗಳೊಳಗೆ ನಡೆಯಿತು. ಟೆಕ್ನಿಕಲರ್ ಕಂಪನಿಯು 2008ರಲ್ಲಿ ಡ್ರೀಮ್‌ವರ್ಕ್ಸ್ ಸಂಸ್ಥೆಗೆಂದೇ ಬೆಂಗಳೂರಿನಲ್ಲಿ ಪ್ರತ್ಯೇಕ ತಂಡವೊಂದನ್ನು ಕಟ್ಟಿತ್ತು. 2025ರ ಫೆಬ್ರವರಿಯಲ್ಲಿ ಮೂಲ ಸಂಸ್ಥೆ ಹಣವಿಲ್ಲದೆ ಕುಸಿದಾಗ ಇಲ್ಲಿನ ಬಾಗಿಲೂ ಮುಚ್ಚಿತು. ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಹೆಸರು ಮಾತ್ರ ಹಳೆಯದು. ಅಮೆರಿಕದಲ್ಲಿ 1915ರಲ್ಲಿ ಹುಟ್ಟಿದ ಟೆಕ್ನಿಕಲರ್ ಎಂಬ ಆ ಹೆಸರು 1955ರಲ್ಲಿ ಒಂದು ಭಾರತೀಯ ಚಿತ್ರದ ಜೊತೆ ದೇಶದ ಊರೂರು ಸುತ್ತಿತ್ತು. ಚಿತ್ರದ ಹೆಸರು ‘ಝನಕ್ ಝನಕ್ ಪಾಯಲ್ ಬಾಜೆ’. ಅದನ್ನು ತಯಾರಿಸಿದ ಸಂಸ್ಥೆಯ ಲಾಂಛನ ಕಮಲ. ಆ ಕಮಲದ ಒಡೆಯ ಅದಕ್ಕೂ ಮುನ್ನ ಬೇರೊಂದು ಸಂಸ್ಥೆಯಲ್ಲಿದ್ದಾಗ, ತೆರೆಯ ಮೇಲೆ ಒಬ್ಬ ಹೆಣ್ಣಿನ ಕೈಗೆ ಕಹಳೆ ಕೊಟ್ಟವರಲ್ಲಿ ಒಬ್ಬರಾಗಿದ್ದರು. ಅವರು ಸಿನಿಮಾ ಎಂಬುದನ್ನು ಹತ್ತಿರದಿಂದ ಕಂಡದ್ದು ಹುಬ್ಬಳ್ಳಿಯಲ್ಲಿ.

ಶಾಂತಾರಾಂ ರಾಜಾರಾಂ ವಣಕುದ್ರೆ 1901ರ ನವೆಂಬರ್ 18ರಂದು ಕೊಲ್ಹಾಪುರದಲ್ಲಿ ಜನಿಸಿದರು. ತಂದೆ ರಾಜಾರಾಂ ಜೈನರು, ತಾಯಿ ಕಮಲಾ ಹಿಂದೂ. ಕೊಲ್ಹಾಪುರ ಅಂದಿಗೂ ಇಂದಿಗೂ ಎರಡು ಭಾಷೆಗಳ ಗಡಿಯಲ್ಲಿರುವ ಊರು. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಅಲ್ಲಿವೆ, ಅಲ್ಲಿಂದ ಬೆಳಗಾವಿ, ಧಾರವಾಡದ ಕಡೆಗೆ ವ್ಯಾಪಾರ, ನಾಟಕ, ಸಂಗೀತಗಳ ಓಡಾಟ ಎಂದೂ ನಿಂತಿಲ್ಲ. ಹುಡುಗ ಶಾಂತಾರಾಂ ಸ್ವಲ್ಪ ಕಾಲ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯಲ್ಲಿದ್ದರು. ಮನೆಯ ಕಷ್ಟ ಕುಟುಂಬವನ್ನು ಹುಬ್ಬಳ್ಳಿಗೆ ಕರೆತಂದಿತು. ಅಲ್ಲಿನ ರೈಲ್ವೆ ಕಾರ್ಯಾಗಾರದಲ್ಲಿ ಹದಿಹರೆಯದ ಶಾಂತಾರಾಂ ಕೂಲಿಗೆ ನಿಂತರು. ಹಗಲು ಕಬ್ಬಿಣದ ಕೆಲಸ. ಬಿಡುವಿನಲ್ಲಿ ಊರಿನ ಡೆಕ್ಕನ್ ಸಿನಿಮಾದಲ್ಲಿ ಬಾಗಿಲು ಕಾಯುವುದರಿಂದ ಹಿಡಿದು ಚಿಲ್ಲರೆ ಕೆಲಸಗಳೆಲ್ಲ. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳನ್ನು ಅವರು ಕಣ್ಣು ತುಂಬ ನೋಡಿದ್ದು ಆ ಬಾಗಿಲಿನ ಬಳಿ ನಿಂತೇ. ಛಾಯಾಗ್ರಹಣದ ಅಂಗಡಿಯಲ್ಲೂ ಫಲಕ ಬರೆಯುವ ಕೆಲಸದಲ್ಲೂ ಕೈ ಆಡಿಸಿದರು. ಮುಂದೆ ಯಂತ್ರಕ್ಕೆ ಹೆದರದ ನಿರ್ದೇಶಕ ಎಂಬ ಹೆಸರು ಪಡೆದವರಿಗೆ ಹುಬ್ಬಳ್ಳಿಯ ಈ ವರ್ಷಗಳೇ ಶಾಲೆಯಾಗಿದ್ದವು ಎಂದರೆ ಉತ್ಪ್ರೇಕ್ಷೆಯಾಗದು.

1920ರಲ್ಲಿ ಬಂಧು ಬಾಬುರಾವ್ ಪೆಂಢಾರ್ಕರ್ ಅವರನ್ನು ಮತ್ತೆ ಕೊಲ್ಹಾಪುರಕ್ಕೆ ಕರೆದೊಯ್ದು ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲಂ ಕಂಪನಿಗೆ ಸೇರಿಸಿದರು. ಪೇಂಟರ್ ಹೆಸರಿಗೆ ತಕ್ಕಂತೆ ಚಿತ್ರಕಾರರು. ನಾಟಕ ಕಂಪನಿಗಳಿಗೆ ಪರದೆಗಳನ್ನು ಬರೆದು ಕೈ ಪಳಗಿಸಿಕೊಂಡವರು. ವಿದೇಶದಿಂದ ಕ್ಯಾಮೆರಾ ತರಿಸಲಾಗದೆ ತಾವೇ ಒಂದನ್ನು ಕಟ್ಟಿಕೊಂಡವರು. ಅವರ ಕೈಕೆಳಗೆ ಶಾಂತಾರಾಂ ಕಸ ಗುಡಿಸುವುದರಿಂದ ನಟನೆಯವರೆಗೆ ಎಲ್ಲವನ್ನೂ ಮಾಡಿದರು. ‘ಸುರೇಖಾ ಹರಣ’ದಲ್ಲಿ ಕೃಷ್ಣನಾದರು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲಗಾರನ ಕೈಗೆ ಜಮೀನು ಕಳೆದುಕೊಂಡು ಪಟ್ಟಣ ಸೇರುವ ರೈತ ಯುವಕನಾದರು. 1927ರ ‘ನೇತಾಜಿ ಪಾಲ್ಕರ್’ ಅವರ ಮೊದಲ ನಿರ್ದೇಶನ. ಅದೇ ಕಂಪನಿಯಲ್ಲಿ ವಿಷ್ಣುಪಂತ ದಾಮ್ಲೆ, ಫತ್ತೇಲಾಲ್, ಕೇಶವರಾವ್ ಧೈಬರ್ ಇದ್ದರು. ನಾಲ್ವರಿಗೂ ಬೇರೆ ಬೇರೆ ಕಸುಬು, ಒಂದೇ ಅಸಮಾಧಾನ. ಹಣ ಹಾಕಲು ಆಭರಣ ವ್ಯಾಪಾರಿ ಸೀತಾರಾಮಪಂತ ಕುಲಕರ್ಣಿ ಮುಂದೆ ಬಂದರು. 1929ರ ಜೂನ್ 1ರಂದು ಕೊಲ್ಹಾಪುರದಲ್ಲಿ ಪ್ರಭಾತ್ ಫಿಲಂ ಕಂಪನಿ ಹುಟ್ಟಿತು.

ಪ್ರಭಾತ್ ಎಂದರೆ ಬೆಳಗು. ಆ ಹೆಸರಿಗೆ ಒಪ್ಪುವ ಚಿಹ್ನೆ ಬೇಕಾಗಿತ್ತು. ಬೆನ್ನನ್ನು ಹಿಂದಕ್ಕೆ ಬಾಗಿಸಿ, ಮುಖವನ್ನು ಮೇಲೆತ್ತಿ, ಉದ್ದನೆಯ ಬಾಗಿದ ತುತಾರಿಯನ್ನು ಆಕಾಶದತ್ತ ಹಿಡಿದ ಹೆಣ್ಣಿನ ರೂಪವನ್ನು ಕಂಪನಿ ಆರಿಸಿಕೊಂಡಿತು. ಮರಾಠಿಗರ ತುತಾರಿ ಕನ್ನಡಿಗರಿಗೆ ಕೊಂಬು, ಕಹಳೆ. ದೇವರ ಮೆರವಣಿಗೆಗೂ ಮದುವೆಯ ದಿಬ್ಬಣಕ್ಕೂ ಮುಂದೆ ನಡೆಯುವ ವಾದ್ಯ. ಅರಸನಿಗಿಂತ ಮೊದಲು ಅರಸ ಬರುತ್ತಿದ್ದಾನೆ ಎಂಬ ಸುದ್ದಿ ತಲುಪಿಸುವುದು ಅದರ ಕೆಲಸ. ಕಂಪನಿ ನಾಟಕಗಳಲ್ಲಿ ಪರದೆ ಏಳುವ ಮುನ್ನ ನಾಂದಿ ಹಾಡುತ್ತಿದ್ದರು. ಅದನ್ನು ಕೇಳುತ್ತ ಬೆಳೆದ ಪ್ರೇಕ್ಷಕನಿಗೆ ಚಿತ್ರದ ಆರಂಭದಲ್ಲಿ ಕಹಳೆ ಕಂಡರೆ ವಿವರಣೆ ಬೇಕಿರಲಿಲ್ಲ.

ಚಿತ್ರಸಂಸ್ಥೆಗಳಿಗೆ ಲಾಂಛನ ಬಂದದ್ದು ಕೇವಲ ಅಲಂಕಾರಕ್ಕಾಗಿ ಅಲ್ಲ. ಫ್ರಾನ್ಸಿನ ಪಾಥೆ ಕಂಪನಿ ತನ್ನ ಹುಂಜದ ಗುರುತನ್ನು ಮೊದಮೊದಲು ದೃಶ್ಯದೊಳಗಿನ ಗೋಡೆಗೇ ಅಂಟಿಸುತ್ತಿತ್ತು. ಕದ್ದು ನಕಲು ಮಾಡಿದವರು ಶೀರ್ಷಿಕೆ ಕತ್ತರಿಸಿದರೂ ಚಿತ್ರ ಯಾರದೆಂದು ತಿಳಿಯಲಿ ಎಂಬ ಉಪಾಯ ಅದು. ಅಮೆರಿಕದ ಎಂಜಿಎಂ 1924ರಲ್ಲಿ ಸಿಂಹವನ್ನು ತಂದಿತು. ಮೊದಲ ನಾಲ್ಕು ವರ್ಷ ಆ ಲಾಂಛನಕ್ಕೆ ಸದ್ದು ಇರಲಿಲ್ಲ. 1928ರಲ್ಲಿ ಮೊದಲ ಬಾರಿ ಅದರ ಗರ್ಜನೆ ಕೇಳಿತು. ಪ್ರಭಾತ್‌ನ ಹೆಣ್ಣಿನ ಕಥೆಯೂ ಇದೇ. ಮಾತಿಲ್ಲದ ಚಿತ್ರಗಳ ಕಂಪನಿಯೊಂದು ಕಹಳೆಯನ್ನು ಗುರುತಾಗಿ ಇಟ್ಟುಕೊಂಡದ್ದು ಸ್ವಲ್ಪ ತಮಾಷೆಯ ಸಂಗತಿ. 1929ರ ‘ಗೋಪಾಲಕೃಷ್ಣ’ದಿಂದ ಆರಂಭಿಸಿ 1931ರವರೆಗೆ ಕಂಪನಿ ಆರು ಮೂಕಿ ಚಿತ್ರಗಳನ್ನು ತೆಗೆಯಿತು. ಶಿವಾಜಿಯ ಕುರಿತ ಚಿತ್ರಕ್ಕೆ ಇಟ್ಟ ಸ್ವರಾಜ್ಯದ ಹೆಸರನ್ನು ಬ್ರಿಟಿಷರ ಸೆನ್ಸಾರ್ ಒಪ್ಪದೆ ಅದು ‘ಉದಯಕಾಲ’ವಾಗಿ ಬಿಡುಗಡೆಯಾಯಿತು. ಹೆಸರಿನಲ್ಲಿ ಮತ್ತೆ ಬೆಳಗೇ ಬಂತು. ಶಾಂತಾರಾಂ ಅದರಲ್ಲಿ ಶಿವಾಜಿಯಾಗಿ ನಟಿಸಿದ್ದರು. ಆ ದಿನಗಳಲ್ಲಿ ಕಹಳೆಯ ಸದ್ದನ್ನು ಪ್ರೇಕ್ಷಕನೇ ಊಹಿಸಿಕೊಳ್ಳಬೇಕಿತ್ತು, ಇಲ್ಲವೇ ತೆರೆಯ ಬದಿಯಲ್ಲಿ ಕುಳಿತ ವಾದ್ಯದವರು ಕೊಡಬೇಕಿತ್ತು.

1932ರ ಫೆಬ್ರವರಿಯಲ್ಲಿ ‘ಅಯೋಧ್ಯೇಚಾ ರಾಜಾ’ ತೆರೆಗೆ ಬಂತು. ಮರಾಠಿಯ ಮೊದಲ ಟಾಕಿ ಅದು, ಹಿಂದಿಯಲ್ಲೂ ತೆಗೆಯಲಾಗಿತ್ತು. ಹರಿಶ್ಚಂದ್ರನಾಗಿ ಗೋವಿಂದರಾವ್ ಟೆಂಬೆ, ತಾರಾಮತಿಯಾಗಿ ದುರ್ಗಾ ಖೋಟೆ. ಸಂಗೀತವೂ ಟೆಂಬೆಯವರದೇ. ಧ್ವನಿಮುದ್ರಣದ ಹೊಣೆಯನ್ನು ದಾಮ್ಲೆ ಹೊತ್ತರು. ಚಿತ್ರಕಲೆಯಿಂದ ಬಂದ ಮನುಷ್ಯ ಯಂತ್ರದ ಪುಸ್ತಕ ಓದಿಕೊಂಡು ಧ್ವನಿತಜ್ಞರಾದುದು ಪ್ರಭಾತ್‌ನ ವಾತಾವರಣ ಎಂಥದಿತ್ತು ಎಂಬುದಕ್ಕೆ ಸಾಕ್ಷಿ. ಟಾಕಿಯೊಡನೆ ಲಾಂಛನಕ್ಕೂ ಜೀವ ಬಂತು. ಹೆಣ್ಣು ಕಹಳೆಯನ್ನು ಎತ್ತಿದಳು, ಸ್ವರ ಕೇಳಿತು. ಕೆಲವೇ ಕ್ಷಣಗಳ ತುಣುಕು. ಆದರೆ ಮುಂದಿನ ಹತ್ತು ವರ್ಷ ಬೆಳಗಾವಿಯಿಂದ ನಾಗಪುರದವರೆಗೆ ಅದು ಕೇಳಿದೊಡನೆ ಜನ ಮಾತು ನಿಲ್ಲಿಸಿ ತೆರೆಯತ್ತ ತಿರುಗುತ್ತಿದ್ದರು.

ಈ ತುಣುಕು ತಯಾರಾಗುತ್ತಿದ್ದ ರೀತಿ ಇಂದಿನ ಕಂಪ್ಯೂಟರ್ ಕಾಲದವರಿಗೆ ಅಪರಿಚಿತ. ಒಮ್ಮೆ ಚಿತ್ರೀಕರಿಸಿದ ಲಾಂಛನದ ನೆಗೆಟಿವ್‌ನಿಂದ ನಕಲು ತೆಗೆದು ಪ್ರತಿ ಹೊಸ ಚಿತ್ರದ ಮೊದಲ ರೀಲಿನ ತಲೆಗೆ ಜೋಡಿಸುತ್ತಿದ್ದರು. ನಕಲಿನ ನಕಲಾದಂತೆ ಬಿಂಬ ಒರಟಾಗುತ್ತಿತ್ತು. ಧ್ವನಿಯ ಪಟ್ಟಿ ಫಿಲಂನ ಅಂಚಿನಲ್ಲಿ, ತನ್ನ ಚಿತ್ರಕ್ಕಿಂತ ಸುಮಾರು 20 ಚೌಕಟ್ಟುಗಳಷ್ಟು ಮುಂದೆ ಅಚ್ಚಾಗಿರುತ್ತದೆ, ಏಕೆಂದರೆ ಪ್ರೊಜೆಕ್ಟರ್‌ನಲ್ಲಿ ದೀಪದ ಕಿಂಡಿಯೂ ಧ್ವನಿ ಓದುವ ಕಿಂಡಿಯೂ ಬೇರೆ ಬೇರೆ ಕಡೆ ಇರುತ್ತವೆ. ರೀಲನ್ನು ಯಂತ್ರಕ್ಕೆ ಪೋಣಿಸುವಾಗ ಹರಿಯುವುದು, ಗೀರು ಬೀಳುವುದು ಮೊದಲು ಈ ತಲೆಯ ಭಾಗಕ್ಕೇ. ಹರಿದದ್ದನ್ನು ಕತ್ತರಿಸಿ ಅಂಟಿಸಿದರೆ ಹೆಣ್ಣು ಇರುತ್ತಾಳೆ, ಕಹಳೆಯ ಮೊದಲ ಸ್ವರ ಇರುವುದಿಲ್ಲ. ಹಳ್ಳಿಯ ಟೂರಿಂಗ್ ಟಾಕೀಸ್ ತಲುಪುವ ಹೊತ್ತಿಗೆ ಪ್ರತಿಯ ಆರೋಗ್ಯ ಹೇಗಿದೆ ಎಂಬುದನ್ನು ಲಾಂಛನವೇ ಹೇಳುತ್ತಿತ್ತು.

1933ರಲ್ಲಿ ಶಾಂತಾರಾಂ ‘ಸೈರಂಧ್ರಿ’ಯನ್ನು ಬಣ್ಣದಲ್ಲಿ ತರುವ ಆಸೆಯಿಂದ ಜರ್ಮನಿಗೆ ಹೋದರು. ಬಣ್ಣ ಸರಿಬರಲಿಲ್ಲ, ಚಿತ್ರ ಸೋತಿತು. ಆದರೆ ಅಲ್ಲಿನ ಸ್ಟುಡಿಯೋಗಳಲ್ಲಿ ನೆರಳು ಬೆಳಕಿನ ಆಟವನ್ನು ಕಣ್ಣಾರೆ ಕಂಡು ಬಂದರು. ಅದೇ ವರ್ಷ ಕಂಪನಿ ಕೊಲ್ಹಾಪುರ ಬಿಟ್ಟು ಪುಣೆಗೆ ಹೋಯಿತು. ಪ್ರಭಾತ್ ಹೋದರೂ ಕೊಲ್ಹಾಪುರದ ದೀಪಗಳು ಆರಲಿಲ್ಲ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಚಿತ್ರೀಕರಣವಾದದ್ದು ಅದೇ ಊರಿನ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಕನ್ನಡಕ್ಕೆ ಆಗ ತನ್ನದೇ ಸ್ಟುಡಿಯೋ ಇರಲಿಲ್ಲ. ಹಾಗಾಗಿ ಪ್ರಭಾತ್‌ನಂತೆ ತಲೆಮಾರುಗಳು ನೆನಪಿಡುವ ಲಾಂಛನವೂ ಬೆಳೆಯಲಿಲ್ಲ. ಸ್ಟುಡಿಯೋ ಎಂಬ ಮನೆ ಇದ್ದವರಿಗೆ ಮಾತ್ರ ಬಾಗಿಲ ಮೇಲೊಂದು ಗುರುತು ಬೇಕಾಗುತ್ತದೆ.

ಪುಣೆಯ ದಶಕ ಪ್ರಭಾತ್‌ನ ವೈಭವದ ದಶಕ. 1934ರ ‘ಅಮೃತಮಂಥನ’ದಲ್ಲಿ ರಾಜಗುರುವಿನ ಒಂದೇ ಕಣ್ಣು ಇಡೀ ತೆರೆಯನ್ನು ತುಂಬಿತು, ಚಂದ್ರಮೋಹನ್ ಎಂಬ ಹೊಸ ನಟ ಆ ಕಣ್ಣಿನಿಂದಲೇ ಪ್ರಸಿದ್ಧರಾದರು. ಅದೇ ವರ್ಷ ಕಂಪನಿ ‘ಜಂಬುಕಾಕಾ’ ಎಂಬ ಕಾರ್ಟೂನ್ ಚಿತ್ರವನ್ನೂ ಮಾಡಿತು. ಭಾರತದಲ್ಲಿ ಚಿತ್ರಿಸಿದ ಗೆರೆಗಳು ತೆರೆಯ ಮೇಲೆ ಓಡಾಡಿದ ಆರಂಭದ ಪ್ರಯತ್ನಗಳಲ್ಲಿ ಇದೊಂದು. ಒಂದೊಂದು ಚೌಕಟ್ಟಿಗೂ ಕೈಯಿಂದ ಚಿತ್ರ ಬರೆಯುವ ಆ ದುಡಿಮೆಗೆ ಮಾರುಕಟ್ಟೆ ಇರಲಿಲ್ಲವಾಗಿ ಪ್ರಯೋಗ ಮುಂದುವರಿಯಲಿಲ್ಲ.

1937ರ ‘ಕುಂಕು’ ಹಿಂದಿಯಲ್ಲಿ ‘ದುನಿಯಾ ನ ಮಾನೇ’ ಆಯಿತು. ಮುದುಕನಿಗೆ ಕಟ್ಟಿಕೊಟ್ಟ ತರುಣಿ ಆ ಮದುವೆಯನ್ನು ಒಪ್ಪದೆ ನಿಲ್ಲುವ ಕಥೆ. ಶಾಂತಾ ಆಪ್ಟೆ ಆ ಪಾತ್ರದಲ್ಲಿ. ಹಿನ್ನೆಲೆ ಸಂಗೀತವನ್ನೇ ತೆಗೆದುಹಾಕಿ ಮನೆಯೊಳಗಿನ ಸಹಜ ಸದ್ದುಗಳಿಂದಲೇ ಚಿತ್ರವನ್ನು ನಡೆಸಿದ್ದು ಅಂದಿಗೆ ದೊಡ್ಡ ಧೈರ್ಯ. 1939ರ ‘ಮಾಣೂಸ್’, ಹಿಂದಿಯ ‘ಆದ್ಮಿ’, ಪೊಲೀಸ್ ಪೇದೆ ಮತ್ತು ವೇಶ್ಯೆಯ ನಡುವಿನ ಪ್ರೀತಿಯ ಕಥೆ. ‘ದೇವದಾಸ್’ ಹಬ್ಬಿಸಿದ್ದ ಕುಡಿತದ ವಿರಹಕ್ಕೆ ಅದು ಉತ್ತರವಾಗಿತ್ತು. ಅದರ ನಾಯಕಿ ಶಾಂತಾ ಹುಬ್ಳೀಕರ್ ಹುಬ್ಬಳ್ಳಿ ಬಳಿಯ ಅದರಗುಂಚಿಯವರು. ಹಲವು ಭಾಷೆಗಳ ಚರಣಗಳನ್ನು ಒಂದೇ ಹಾಡಿನಲ್ಲಿ ಹಾಡಿ ಕುಣಿಯುವ ಅವರ ದೃಶ್ಯ ಇಂದಿಗೂ ಮಾಸಿಲ್ಲ. ಹುಬ್ಬಳ್ಳಿಯ ಸಿನಿಮಾ ಬಾಗಿಲಿನಲ್ಲಿ ನಿಂತಿದ್ದ ಹುಡುಗನ ಕ್ಯಾಮೆರಾದ ಎದುರು ಅದೇ ಸೀಮೆಯ ಹೆಣ್ಣುಮಗಳು ನಿಂತಿದ್ದಳು. 1941ರ ‘ಶೇಜಾರಿ’ ಹಿಂದೂ ಮುಸ್ಲಿಂ ನೆರೆಹೊರೆಯವರ ಕಥೆ. ಅದರ ಹಿಂದಿ ಅವತರಣಿಕೆ ‘ಪಡೋಸಿ’ಯಲ್ಲಿ ಹಿಂದೂವಿನ ಪಾತ್ರವನ್ನು ಮಜಹರ್ ಖಾನ್, ಮುಸ್ಲಿಮನ ಪಾತ್ರವನ್ನು ಗಜಾನನ ಜಾಗೀರ್‌ದಾರ್ ಮಾಡಿದರು.

ಆದರೆ ಕಹಳೆಯ ಕೆಳಗೆ ಬಂದ ಚಿತ್ರಗಳಲ್ಲಿ ಅತ್ಯಂತ ಎತ್ತರದ್ದು ಶಾಂತಾರಾಂ ನಿರ್ದೇಶಿಸಿದ್ದಲ್ಲ. 1936ರ ‘ಸಂತ ತುಕಾರಾಮ್’ ದಾಮ್ಲೆ ಮತ್ತು ಫತ್ತೇಲಾಲ್ ಅವರದು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ವಿಷ್ಣುಪಂತ ಪಾಗ್ನಿಸರ ತುಕಾರಾಮನ ಮುಂದೆ ಶಾಂತಾರಾಂ ಚಿತ್ರಗಳ ಕೋನಗಳೂ ನೆರಳುಗಳೂ ಕೆಲವೊಮ್ಮೆ ತುಸು ಶ್ರಮಪಟ್ಟಂತೆ ಕಾಣುತ್ತವೆ. ಇದು ಅವರ ಕೊರತೆಯೆಂದಲ್ಲ. ಒಂದೇ ಅಂಗಳದಲ್ಲಿ ಎರಡು ಬಗೆಯ ಮನಸ್ಸುಗಳು ಇದ್ದವು. ಎರಡಕ್ಕೂ ಮುಂದೆ ನಿಂತು ಊದುತ್ತಿದ್ದವಳು ಒಬ್ಬಳೇ. ಆ ಕಹಳೆಯ ಮೇಲೆ ಯಾರೊಬ್ಬರ ಹೆಸರೂ ಇರಲಿಲ್ಲ. ಐವರದು ಎಂಬುದೇ ಅದರ ಬಲ.

ಆ ಐವರ ಒಕ್ಕೂಟ ಬಿರುಕು ಬಿಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಲು ಧೈಬರ್ ಹೊರಹೋದರು. ಶಾಂತಾರಾಂ ಜನಪ್ರಿಯತೆ ಬೆಳೆದಂತೆ ಪಾಲುದಾರರ ನಡುವೆ ಭಿನ್ನಾಭಿಪ್ರಾಯಗಳೂ ಬೆಳೆದವು. ‘ಶೇಜಾರಿ’ಯ ನಾಯಕಿ ಜಯಶ್ರೀ ಅವರನ್ನು ಶಾಂತಾರಾಂ ವಿವಾಹವಾದುದು 1941ರಲ್ಲಿ. ಮೊದಲ ಪತ್ನಿ ವಿಮಲಾ ಆಗ ಇದ್ದರು. ಶಿಸ್ತನ್ನೇ ಬಂಡವಾಳ ಮಾಡಿಕೊಂಡಿದ್ದ ಸಂಸ್ಥೆಗೆ ಇದು ಸುಲಭದ ಸಂಗತಿಯಾಗಿರಲಿಲ್ಲ. 1942ರಲ್ಲಿ ಅವರು ಪ್ರಭಾತ್ ತೊರೆದರು. ಹೊರಡುವಾಗ ಹದಿಮೂರು ವರ್ಷಗಳ ಚಿತ್ರಗಳು, ಪುಣೆಯ ಸ್ಟುಡಿಯೋ ಎಲ್ಲವೂ ಹಿಂದೆ ಉಳಿದವು, ಕಹಳೆಯೂ ಉಳಿಯಿತು. ಪ್ರೇಕ್ಷಕರ ಮಟ್ಟಿಗೆ ಆ ಸ್ವರ ಶಾಂತಾರಾಂ ಚಿತ್ರದ ಮುನ್ನುಡಿಯಾಗಿತ್ತು. ಇನ್ನು ಮುಂದೆ ಅದು ಅವರದಲ್ಲದ ಚಿತ್ರಗಳ ಮೊದಲಿಗೆ ಊದಬೇಕಿತ್ತು. ಅವರ ಹೊಸ ಚಿತ್ರ ಮೌನದಿಂದ ಆರಂಭವಾಗಬೇಕಿತ್ತು.

ಮುಂಬಯಿಯ ಪರೇಲ್‌ನಲ್ಲಿ ವಾಡಿಯಾ ಮೂವಿಟೋನ್ ಇದ್ದ ಜಾಗದಲ್ಲಿ ಅವರು ಹೊಸ ಸಂಸ್ಥೆ ಕಟ್ಟಿದರು. ತಂದೆ ರಾಜಾರಾಂ ಅವರ ಹೆಸರಿನಿಂದ ರಾಜ, ತಾಯಿ ಕಮಲಾ ಅವರ ಹೆಸರಿನಿಂದ ಕಮಲ. ಎರಡೂ ಕೂಡಿ ರಾಜಕಮಲ ಕಲಾಮಂದಿರ. ಲಾಂಛನ ಹೆಸರಿನೊಳಗೇ ಸಿಕ್ಕಿತ್ತು: ಕಮಲ, ಅದರ ಮೇಲೊಬ್ಬ ಸ್ತ್ರೀ, ಸುರಿಯುವ ಹೂವುಗಳು. ಕಹಳೆ ಊರಿಗೆಲ್ಲ ಸುದ್ದಿ ಸಾರುತ್ತಿತ್ತು. ಈ ಹೂವು ಮನೆಗೆ ಬಂದ ಅತಿಥಿಯನ್ನು ಬರಮಾಡಿಕೊಳ್ಳುತ್ತಿತ್ತು. ಒಂದು ಒಕ್ಕೂಟದ ಗುರುತು, ಇನ್ನೊಂದು ಒಬ್ಬ ಮಗನ ಕಾಣಿಕೆ. ಮೊದಲ ಚಿತ್ರ ‘ಶಕುಂತಲಾ’ 1943ರಲ್ಲಿ ಬಂದು ಮುಂಬಯಿಯಲ್ಲಿ ನೂರು ವಾರಗಳನ್ನು ದಾಟಿ ಓಡಿತು, ಅಮೆರಿಕದಲ್ಲೂ ಪ್ರದರ್ಶನಗೊಂಡಿತು. 1946ರ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಯಲ್ಲಿ ಚೀನಾದ ಯುದ್ಧಭೂಮಿಗೆ ಹೋಗಿ ಅಲ್ಲಿಯೇ ತೀರಿಕೊಂಡ ಸೊಲ್ಲಾಪುರದ ವೈದ್ಯರ ಪಾತ್ರವನ್ನು ಶಾಂತಾರಾಂ ತಾವೇ ಮಾಡಿದರು.

1955ರಲ್ಲಿ ಬಣ್ಣ ಕೈಗೆ ಬಂತು. ಜರ್ಮನಿಯಲ್ಲಿ ಕೈಕೊಟ್ಟಿದ್ದ ಕನಸು ಇಪ್ಪತ್ತೆರಡು ವರ್ಷಗಳ ಬಳಿಕ ಟೆಕ್ನಿಕಲರ್‌ನಲ್ಲಿ ಈಡೇರಿತು. ‘ಝನಕ್ ಝನಕ್ ಪಾಯಲ್ ಬಾಜೆ’ಯಲ್ಲಿ ಸಂಧ್ಯಾ ಹಾಗೂ ನೃತ್ಯಪಟು ಗೋಪಿಕೃಷ್ಣ ಕುಣಿದರು. ಕಪ್ಪುಬಿಳುಪಿನಲ್ಲಿ ಬೂದು ಬಣ್ಣಕ್ಕಿದ್ದ ಕಮಲ ವರ್ಣಚಿತ್ರಗಳ ಕಾಲಕ್ಕೆ ಕೆಂಪೇರಿತು. ಬಣ್ಣದ ಮೋಹ ಅಲ್ಲಿಂದ ಅವರನ್ನು ಬಿಡಲಿಲ್ಲ. ನಂತರದ ಕೆಲವು ಚಿತ್ರಗಳಲ್ಲಿ ಕಥೆಗಿಂತ ಕಾರಂಜಿಗಳೇ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ನಡುವೆ 1957ರಲ್ಲಿ ಅವರು ಮತ್ತೆ ಕಪ್ಪುಬಿಳುಪಿಗೆ ಮರಳಿ ‘ದೋ ಆಂಖೇ ಬಾರಹ ಹಾಥ್’ ತೆಗೆದರು. ಆರು ಮಂದಿ ಕೊಲೆಗಾರ ಕೈದಿಗಳನ್ನು ಬಯಲಿಗೆ ಕರೆತಂದು ಬೇಸಾಯಕ್ಕೆ ಹಚ್ಚುವ ಜೈಲರ್ ಪಾತ್ರ ಅವರದೇ. ಗೂಳಿಯೊಡನೆ ಸೆಣಸುವ ದೃಶ್ಯದಲ್ಲಿ ಕಣ್ಣಿಗೆ ತೀವ್ರ ಪೆಟ್ಟು ಬಿದ್ದು ಕೆಲಕಾಲ ಕತ್ತಲೆಯಲ್ಲಿ ಮಲಗಬೇಕಾಯಿತು. ಆ ಕತ್ತಲೆಯಿಂದ ಎದ್ದವರು 1959ರಲ್ಲಿ ಮಾಡಿದ್ದು ‘ನವರಂಗ್’. 1958ರಲ್ಲಿ ಬರ್ಲಿನ್ ಚಿತ್ರೋತ್ಸವದ ಬೆಳ್ಳಿ ಕರಡಿ ‘ದೋ ಆಂಖೇ’ಗೆ ಸಂದಿತ್ತು. ಕಮಲದ ಮನೆಯಿಂದ ಬಂದ ಚಿತ್ರಗಳಲ್ಲಿ ಕಹಳೆಯ ದಿನಗಳನ್ನು ನೆನಪಿಸುವ ಗಟ್ಟಿತನ ಇದಕ್ಕೆ ಇದೆ.

ಇತ್ತ ಕಹಳೆಯ ಮನೆ ಬಡವಾಗುತ್ತ ಬಂತು. 1944ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತರುಣನೊಬ್ಬ ಮೂರು ವರ್ಷಗಳ ಕರಾರಿನ ಮೇಲೆ ಪ್ರಭಾತ್ ಸೇರಿದ. ಅವನೇ ಮುಂದೆ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಮಾಡಿದ ಗುರುದತ್. ದೇವ್ ಆನಂದ್ ಅವರ ಸ್ನೇಹ ಬೆಳೆದದ್ದೂ ಆ ಅಂಗಳದಲ್ಲೇ. ಅಷ್ಟರಲ್ಲಿ ಶಾಂತಾರಾಂ ಹೋಗಿ ಎರಡು ವರ್ಷವಾಗಿತ್ತು. 1945ರಲ್ಲಿ ದಾಮ್ಲೆ ತೀರಿಕೊಂಡರು. 1950ರ ದಶಕದ ಆರಂಭದಲ್ಲಿ ಕಂಪನಿ ಚಿತ್ರ ತಯಾರಿಕೆ ನಿಲ್ಲಿಸಿತು, ಆಸ್ತಿ ಕೈಬದಲಾಯಿತು. 1960ರಲ್ಲಿ ಕೇಂದ್ರ ಸರ್ಕಾರ ಅದೇ ಜಾಗದಲ್ಲಿ ಚಲನಚಿತ್ರ ತರಬೇತಿ ಸಂಸ್ಥೆಯನ್ನು ಆರಂಭಿಸಿತು. 1974–75ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು 1975ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು. ‘ಘಟಶ್ರಾದ್ಧ’ದ ನಿರ್ದೇಶಕ ಪಾಠ ಕಲಿತದ್ದು ‘ಕುಂಕು’ ಚಿತ್ರೀಕರಣವಾದ ಆವರ ಗೋಡೆಗಳೊಳಗೆ. ಸಂಸ್ಥೆಯ ಆವರಣದ ಒಂದು ಕೊಳಕ್ಕೆ ಶಾಂತಾರಾಂ ಹೆಸರಿದೆ. ತೊರೆದು ಹೋದವರ ಹೆಸರು ನೆಲದಲ್ಲಿ ಉಳಿಯಿತು.

ಶಾಂತಾರಾಂ ದುಡಿಮೆ ಮಾತ್ರ ನಿಲ್ಲಲಿಲ್ಲ. 1964ರ ‘ಗೀತ್ ಗಾಯಾ ಪತ್ಥರೋಂ ನೇ’ಯಲ್ಲಿ ಜಿತೇಂದ್ರ ನಾಯಕನಾಗಿ ಪರಿಚಯವಾದರು, ನಾಯಕಿ ಶಾಂತಾರಾಂ ಮಗಳು ರಾಜಶ್ರೀ. 1972ರ ಮರಾಠಿ ‘ಪಿಂಜರಾ’ ಹಳ್ಳಿಯ ಮೇಷ್ಟರು ಮತ್ತು ತಮಾಷಾ ಹೆಣ್ಣಿನ ಕಥೆಯಾಗಿ ಊರೂರುಗಳಲ್ಲಿ ಓಡಿತು. 1985ನೇ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಹುಬ್ಬಳ್ಳಿಯಲ್ಲಿ ಯಾರ ಚಿತ್ರಗಳನ್ನು ಬಾಗಿಲಲ್ಲಿ ನಿಂತು ನೋಡಿದ್ದರೋ ಅವರ ಹೆಸರಿನ ಪ್ರಶಸ್ತಿ ಅದು. 1987ರ ‘ಝಂಝಾರ್’ ಕೊನೆಯ ನಿರ್ದೇಶನ. 1990ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಅವರು ನಿಧನರಾದರು. 1992ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಪ್ರಭಾತ್ ಚಿತ್ರಗಳು ನೈಟ್ರೇಟ್ ಫಿಲಂನಲ್ಲಿ ಇದ್ದವು. ಬೆಂಕಿ ತಗುಲಿದರೆ ನೀರಿಗೂ ಆರದ, ತಾನೇ ತಾನಾಗಿ ಕೊಳೆಯುವ ವಸ್ತು ಅದು. ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಮೊದಲೇ ಕಳೆದುಹೋಗಿದ್ದವು. ಉಳಿದ ಟಾಕಿಗಳನ್ನು ಉಳಿಸಿಕೊಳ್ಳಲು ದಾಮ್ಲೆ ಮನೆತನದವರೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರವೂ ಬಹುಕಾಲ ಶ್ರಮಿಸಿದರು. 2003ರ ಜನವರಿ 8ರಂದು ಪುಣೆಯ ಹಳೆಯ ಸ್ಟುಡಿಯೋ ಆವರಣದಲ್ಲಿದ್ದ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿತ್ತು. ಪ್ರಭಾತ್‌ನ ಅನೇಕ ಮೂಲ ರೀಲುಗಳು ಬೂದಿಯಾದವು. ಹಲವು ಚಿತ್ರಗಳಿಗೆ ಅದಕ್ಕೂ ಮುನ್ನ ಸುರಕ್ಷಿತ ಫಿಲಂನಲ್ಲಿ ನಕಲು ತೆಗೆದಿಟ್ಟಿದ್ದರಿಂದ ಅವು ನೋಡಲು ಸಿಗುತ್ತಿವೆ. ಅಂಥ ಪ್ರತಿಗಳಲ್ಲಿ ಕಥೆ ಆರಂಭವಾಗುವ ಮುನ್ನ ಗೀರುಗಳ ಮಳೆಯ ನಡುವೆ ಹೆಣ್ಣೊಬ್ಬಳು ಬೆನ್ನು ಬಾಗಿಸಿ ನಿಲ್ಲುತ್ತಾಳೆ. ಕೆಲವು ಪ್ರತಿಗಳಲ್ಲಿ ಕಹಳೆ ಪೂರ್ತಿ ಕೇಳುತ್ತದೆ. ಕೆಲವದರಲ್ಲಿ ಸ್ವರ ನಡುವಿನಿಂದ ಶುರುವಾಗುತ್ತದೆ.